0.4 ಸೆಕೆಂಡ್‌ಗೆ ಇಷ್ಟೊಂದು ಜಗಳ ಬೇಕಾ?

ಟಾಟಾ ಹ್ಯಾರಿಯರ್ ಇವಿ ಸೊನ್ನೆಯಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟೋಕೆ ತಗೊಳ್ಳೋದು 6.3 ಸೆಕೆಂಡ್. ಮಹೀಂದ್ರಾ ಬಿಇ 6ಗೆ ಬೇಕಾಗೋದು 6.7 ಸೆಕೆಂಡ್. ಎರಡೂ ಆಯಾ ಕಂಪನಿಗಳೇ ಕೊಟ್ಟಿರುವ ನಂಬರ್. ಈ 0.4 ಸೆಕೆಂಡ್ ಹಿಡ್ಕೊಂಡು ನಮ್ಮ ಕ್ಯಾಂಟೀನಲ್ಲಿ ನಡೆಯೋ ಜಗಳ ಮಾತ್ರ ಇಡೀ ಲಂಚ್ ಬ್ರೇಕ್ ಕಳೆದರೂ ಮುಗಿಯಲ್ಲ. ನನ್ನ ಪ್ರಕಾರ ಎರಡೂ ಒಳ್ಳೆಯ ಕಾರುಗಳೇ. ಆದರೆ ನಾವು ಜಗಳ ಆಡ್ತಿರೋ ನಂಬರ್ ಇದೆಯಲ್ಲ, ಅದು ಕಾರಿನ ಬಗ್ಗೆ ಹೇಳೋದು ತುಂಬಾ ಕಡಿಮೆ.

ಮೊದಲು ಆ ವ್ಯತ್ಯಾಸ ಎಷ್ಟು ದೊಡ್ಡದು ನೋಡೋಣ. ಆಕ್ಸಲರೇಷನ್ ಕಾನ್‌ಸ್ಟಂಟ್ ಅಂತ ಇಟ್ಕೊಂಡರೆ, ಹ್ಯಾರಿಯರ್ 100 ಮುಟ್ಟುವಾಗ ಸುಮಾರು 87 ಮೀಟರ್ ದಾಟಿರುತ್ತೆ. ಅದೇ ಕ್ಷಣದಲ್ಲಿ ಬಿಇ 6 ಸುಮಾರು 82 ಮೀಟರಲ್ಲಿ ಇರುತ್ತೆ. ಅಂದರೆ ಗ್ಯಾಪ್ 5 ಮೀಟರ್, ಹೆಚ್ಚುಕಡಿಮೆ ಒಂದು ಕಾರಿನ ಉದ್ದ. ಸಿಗ್ನಲ್ ಹಸಿರಾದಾಗ ಡ್ರೈವರ್ ಅರ್ಧ ಸೆಕೆಂಡ್ ತಡ ಮಾಡಿದರೆ ಇದೆಲ್ಲ ಅಲ್ಲೇ ಖಲಾಸ್.

ಇನ್ನು ಟಾರ್ಕ್ ವಿಷಯಕ್ಕೆ ಬರೋಣ. ನಾನು ಹೇಳ್ತಿರೋ ಹ್ಯಾರಿಯರ್ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ಮಾಡೆಲ್. ಮುಂದೆ ಒಂದು ಮೋಟರ್, ಹಿಂದೆ ಒಂದು, ಒಟ್ಟು 504 ನ್ಯೂಟನ್ ಮೀಟರ್. ಬಿಇ 6ಗೆ ಹಿಂದೆ ಒಂದೇ ಮೋಟರ್, 380 ನ್ಯೂಟನ್ ಮೀಟರ್. ಟಾರ್ಕ್ ಸುಮಾರು 33 ಪರ್ಸೆಂಟ್ ಜಾಸ್ತಿ, ಸಮಯ ಮಾತ್ರ 6 ಪರ್ಸೆಂಟ್ ಕಮ್ಮಿ. ಯಾಕೆ? ಬ್ರೋಷರ್‌ನಲ್ಲಿರೋದು ಮೋಟರ್ ಶಾಫ್ಟ್‌ನ ಟಾರ್ಕ್. ಚಕ್ರಕ್ಕೆ ಎಷ್ಟು ಸಿಗುತ್ತೆ ಅನ್ನೋದನ್ನ ಗೇರ್ ರೇಷಿಯೋ ತೀರ್ಮಾನ ಮಾಡುತ್ತೆ. ಆಮೇಲೆ ಕಾರಿನ ತೂಕ, ಟೈರಿನ ಹಿಡಿತ, ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು, ಸಾಫ್ಟ್‌ವೇರ್ ಎಷ್ಟಕ್ಕೆ ಬಿಡುತ್ತೆ ಅನ್ನೋದೂ ಸೇರುತ್ತೆ. ಎರಡು ಬ್ರೋಷರ್ ಪಕ್ಕಪಕ್ಕ ಇಟ್ಟು ಟಾರ್ಕ್ ಮಾತ್ರ ನೋಡಿ ಗೆದ್ದವರು ಯಾರು ಅಂತ ಹೇಳೋದು ಅರ್ಧ ಲೆಕ್ಕ ಮಾಡಿ ಉತ್ತರ ಬರೆದ ಹಾಗೆ.

ನಿಜವಾಗಿ ನಮಗೆ ಬೇಕಾಗಿರೋ ಪಿಕಪ್ ಸಿಗ್ನಲಲ್ಲಿ ಅಲ್ಲ, ಎರಡು ಲೇನ್ ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ. 2,000 ಕೆ.ಜಿ. ತೂಕದ ಒಂದು ಕಾರು 60ರಿಂದ 100ಕ್ಕೆ ಹೋಗಬೇಕು ಅಂದ್ಕೊಳ್ಳಿ. ಕೈನೆಟಿಕ್ ಎನರ್ಜಿ ಲೆಕ್ಕ ಹಾಕಿದರೆ ಸುಮಾರು 0.49 ಮೆಗಾಜೂಲ್ ಬೇಕು. ಚಕ್ರಕ್ಕೆ 150 ಕಿಲೋವ್ಯಾಟ್ ಸಿಕ್ಕರೆ 3.3 ಸೆಕೆಂಡ್ ಸಾಕು. ಬ್ಯಾಟರಿ ಚಾರ್ಜ್ ಕಡಿಮೆಯಾಗಿ ಅಥವಾ ಬಿಸಿಯಾಗಿ, ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಪವರನ್ನು 100 ಕಿಲೋವ್ಯಾಟ್‌ಗೆ ಇಳಿಸಿದರೆ? ಆಗ 4.9 ಸೆಕೆಂಡ್. ಗಾಳಿಯ ಡ್ರ್ಯಾಗ್ ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಆ 1.6 ಸೆಕೆಂಡಲ್ಲಿ, ಎದುರಿನಿಂದ 80ರಲ್ಲಿ ಬರ್ತಿರೋ ಬಸ್ಸು ಸುಮಾರು 36 ಮೀಟರ್ ಹತ್ತಿರ ಬಂದಿರುತ್ತೆ. ನಾವು 0.4 ಸೆಕೆಂಡ್‌ಗೆ ಕಿತ್ತಾಡ್ತೀವಿ, ಅದರ ನಾಲ್ಕರಷ್ಟು ವ್ಯತ್ಯಾಸ ಒಂದೇ ಕಾರಿನ ಒಳಗೇ ಇರಬಹುದು. ಫುಲ್ ಚಾರ್ಜಲ್ಲಿ ಓಡಿಸಿದ ಕಾರು ಮತ್ತು 15 ಪರ್ಸೆಂಟಲ್ಲಿ ಓಡಿಸಿದ ಕಾರು ಪಿಕಪ್ ವಿಷಯದಲ್ಲಿ ಎರಡು ಬೇರೆ ಕಾರುಗಳು.

ಅಳೆಯೋ ರೀತಿಯೂ ಎಲ್ಲ ಕಡೆ ಒಂದೇ ಇರಲ್ಲ. ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್ ಸೊನ್ನೆಯಿಂದ 60 ಮೈಲಿ ವೇಗಕ್ಕೆ 1.99 ಸೆಕೆಂಡಲ್ಲಿ ಹೋಗುತ್ತೆ ಅಂತ ಎಲ್ಲರೂ ಕೇಳಿರ್ತೀರಿ. ಆ ನಂಬರಲ್ಲಿ ಮೊದಲ ಒಂದು ಅಡಿ ಉರುಳಿದ ಸಮಯ ಸೇರಿಲ್ಲ. ಅಮೆರಿಕದ ಡ್ರ್ಯಾಗ್ ರೇಸ್ ಪದ್ಧತಿಯಿಂದ ಬಂದ ರೂಢಿ ಅದು, ಮೋಸ ಅಲ್ಲ. ಆದರೆ ಷರತ್ತು ಓದದೆ ಅದನ್ನ ತಂದು ಇನ್ನೊಂದು ಕಾರಿನ ಪಕ್ಕ ಇಟ್ಟರೆ ಹೋಲಿಕೆ ಅಲ್ಲಿಗೇ ಕೆಡುತ್ತೆ. ಹ್ಯಾರಿಯರ್‌ನ 6.3 ಕೂಡ ಬೂಸ್ಟ್ ಮೋಡ್‌ನ ನಂಬರ್. ದಿನಾ ಆ ಮೋಡಲ್ಲಿ ಯಾರು ಓಡಿಸ್ತಾರೆ?

ಹಾಗಂತ ಎರಡು ಮೋಟರ್ ದಂಡ ಅಂತ ನಾನು ಹೇಳ್ತಿಲ್ಲ. ಮಳೆಗಾಲದಲ್ಲಿ ಘಾಟಿ ಹತ್ತುವಾಗ, ಕೆಸರಲ್ಲಿ ಹೊರಡುವಾಗ ನಾಲ್ಕೂ ಚಕ್ರ ಎಳೆಯೋದರ ಬೆಲೆ ಗೊತ್ತಾಗುತ್ತೆ. ಹ್ಯಾರಿಯರ್‌ನ ನಿಜವಾದ ಪ್ಲಸ್ ಪಾಯಿಂಟ್ ಅದು. ಒಂದೇ ಮೋಟರ್ ಇಟ್ಕೊಂಡು ಅಷ್ಟು ಹತ್ತಿರ ಬಂದಿರೋದು ಬಿಇ 6ನ ಪ್ಲಸ್ ಪಾಯಿಂಟ್. ಒಣ ರಸ್ತೆಯಲ್ಲಿ ಅಳೆದ ಒಂದು ಸಮಯ ಇವೆರಡರಲ್ಲಿ ಯಾವುದನ್ನೂ ಹೇಳಲ್ಲ.

ಜಗಳದಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ಬ್ರೇಕಿಂಗ್. ಪ್ರತಿ ಸೆಕೆಂಡ್‌ಗೂ ವೇಗವನ್ನು ಸೆಕೆಂಡ್‌ಗೆ 8 ಮೀಟರ್‌ನಷ್ಟು ಇಳಿಸೋ ಒಳ್ಳೆಯ ಬ್ರೇಕ್ ಇದ್ದರೂ, 100ರಿಂದ ನಿಲ್ಲೋಕೆ 48 ಮೀಟರ್ ಬೇಕು. 120ರಿಂದಾದರೆ 69 ಮೀಟರ್. ವೇಗ 20 ಪರ್ಸೆಂಟ್ ಏರಿದರೆ ದೂರ 44 ಪರ್ಸೆಂಟ್ ಏರುತ್ತೆ, ಯಾಕಂದ್ರೆ ಅಲ್ಲಿರೋದು ವೇಗದ ವರ್ಗ. ಇವಿ ಸದ್ದು ಮಾಡದೆ ವೇಗ ಹಿಡಿಯುತ್ತೆ. ಪೆಟ್ರೋಲ್ ಕಾರಲ್ಲಿ ಇಂಜಿನ್ ಕೂಗಿಕೊಂಡು ಎಚ್ಚರಿಸ್ತಿತ್ತು, ಇಲ್ಲಿ ಮೀಟರ್ ನೋಡಿದಾಗಲೇ ಗೊತ್ತಾಗೋದು. ಲೈಸೆನ್ಸ್ ಬಂದು ವರ್ಷವೂ ಆಗದ ನಮ್ಮ ವಯಸ್ಸಿನವರ ಕೈಗೆ ಅಪ್ಪನ ಇವಿ ಕೀ ಸಿಗೋ ಕಾಲ ಇದು. ಅವರಿಗೆ 6.3 ಬಾಯಿಪಾಠ ಆಗಿದೆ, 48 ಗೊತ್ತಿಲ್ಲ.

ಸೊನ್ನೆಯಿಂದ ನೂರು ಅನ್ನೋದು ಸುಲಭ, ಎಲ್ಲರಿಗೂ ಅರ್ಥವಾಗುತ್ತೆ, ಮಜಾನೂ ಕೊಡುತ್ತೆ, ನಿಜ. ಅದನ್ನ ಬಿಡಿ ಅಂತ ಹೇಳಲ್ಲ. ಆದರೆ ಇನ್ಮುಂದೆ ಯಾರಾದರೂ ಕ್ಯಾಂಟೀನಲ್ಲಿ ಸೆಕೆಂಡ್ ಹೇಳಿದರೆ ಮೂರು ಪ್ರಶ್ನೆ ಕೇಳಿ: ಚಾರ್ಜ್ ಎಷ್ಟಿತ್ತು? ಯಾವ ಮೋಡ್? 60ರಿಂದ 100ಕ್ಕೆ ಎಷ್ಟು, 100ರಿಂದ ಸೊನ್ನೆಗೆ ಎಷ್ಟು ಮೀಟರ್? ಲ್ಯಾಬ್ ರೆಕಾರ್ಡಲ್ಲಿ ಕಂಡಿಷನ್ಸ್ ಬರೆಯದೆ ರೀಡಿಂಗ್ ಮಾತ್ರ ಬರೆದರೆ ಮೇಡಂ ಸೈನ್ ಹಾಕಲ್ಲ ತಾನೇ? ಕಾರಿಗೂ ಅದೇ ರೂಲ್ ಇರಲಿ.