ನನ್ನ ತೋಳಿನ ಅಳತೆಗೊಂದು ಬಿಲ್ಲು

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮೂರಲ್ಲಿ ಮಾಡೋ ಕೆಲಸ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಲೆನಾಡಿನ ಶಿಕಾರಿ ಅಜ್ಜಂದಿರ ಕಥೆಗಳಲ್ಲಷ್ಟೇ ಇರಬೇಕು. ನಾನಿರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಲೈಸೆನ್ಸ್ ಕೊಡ್ತಾರೆ, ಸೆಪ್ಟೆಂಬರ್ ಮಧ್ಯದಲ್ಲಿ ಬಿಲ್ಲಿನ ಸೀಸನ್ ಶುರು.

ಇಷ್ಟು ದಿನ ನನ್ನ ಹತ್ತಿರ ಇದ್ದದ್ದು ಸಹೋದ್ಯೋಗಿ ಕೊಟ್ಟ ಹಳೆಯ ಕಾಂಪೌಂಡ್ ಬಿಲ್ಲು. ಅವನು ಆರಡಿ ಮೇಲಿದ್ದಾನೆ, ನಾನು ಐದಡಿ ಏಳಿಂಚು. ಅಪ್ಪನ ಪ್ಯಾಂಟ್ ಹಾಕ್ಕೊಂಡ ಹಾಗೆ! ಈ ಸಲ ನನ್ನದೇ ಒಂದು ತಗೋಬೇಕು.

ಕಾಂಪೌಂಡ್ ಬಿಲ್ಲು ಅಂದ್ರೆ ಎರಡೂ ತುದಿಯಲ್ಲಿ ಕ್ಯಾಮ್ ಅನ್ನೋ ಚಕ್ರಗಳಿರೋದು. ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್‌ಗೆ 1969ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಮಾಮೂಲಿ ಬಿಲ್ಲಿನಲ್ಲಿ ಹೆದೆ ಎಳೆದಷ್ಟೂ ಭಾರ ಏರುತ್ತೆ. ಇದರಲ್ಲಿ ಮಧ್ಯದಲ್ಲಿ ಪೂರ್ತಿ ಭಾರ, ಕೊನೆಯಲ್ಲಿ ಥಟ್ಟಂತ ಹಗುರ. 60 ಪೌಂಡ್ ಬಿಲ್ಲಿಗೆ 80% ಲೆಟ್-ಆಫ್ ಇದ್ದರೆ ಕೊನೆಗೆ ಹಿಡಿದಿಡಬೇಕಾದ್ದು 12 ಪೌಂಡ್ ಮಾತ್ರ. ಜಿಂಕೆ ಮರದ ಹಿಂದೆ ಅನುಮಾನಿಸ್ತಾ ನಿಂತಾಗ ಇದರ ಬೆಲೆ ಗೊತ್ತಾಗೋದು.

ಅಂಗಡಿಗೆ ಹೋದರೆ ಮೊದಲು ತೋರಿಸೋದು ವೇಗ. ಸೆಕೆಂಡಿಗೆ 340 ಅಡಿ ಅಂತ ದೊಡ್ಡದಾಗಿ ಬರೆದಿರ್ತಾರೆ. ಮೆಗಾಪಿಕ್ಸೆಲ್ ನೋಡಿ ಫೋನ್ ತಗೊಳ್ಳೋ ನಮ್ಮಂಥವರಿಗೆ ಅಷ್ಟು ಸಾಕು! ಆದರೆ ಆ ಅಳತೆ 70 ಪೌಂಡ್ ಸೆಳೆತ, 30 ಇಂಚು ಎಳೆತ, 350 ಗ್ರೇನ್‌ನ ಹಗುರ ಬಾಣಕ್ಕೆ. ತೋಳು ಚಾಚಿ, ಬೆರಳ ತುದಿಯಿಂದ ಬೆರಳ ತುದಿವರೆಗೆ ಅಳೆದು 2.5ರಿಂದ ಭಾಗಿಸಿದ್ರೆ ನಿಮ್ಮ ಎಳೆತ ಹೆಚ್ಚುಕಮ್ಮಿ ಸಿಗುತ್ತೆ. ನನ್ನದು 27 ಇಂಚು. ಒಂದಿಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಯ್ತು. ಬೇಟೆಯ ಭಾರದ ಬಾಣ ಹಾಕಿದರೆ ನನ್ನ ಕೈಯಲ್ಲಿ ಅದೇ ಬಿಲ್ಲು 265ರ ಆಸುಪಾಸು.

265 ಸಾಕಾ? 20 ಗಜ ಅಂದ್ರೆ 60 ಅಡಿ. ಬಾಣಕ್ಕೆ ಕಾಲು ಸೆಕೆಂಡಿಗಿಂತ ಸ್ವಲ್ಪ ಕಮ್ಮಿ ಬೇಕು. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತೆ. ಹೆದೆಯ ಸದ್ದು ಯಾವ ಬಿಲ್ಲಿನದಾದ್ರೂ ಬಾಣಕ್ಕಿಂತ ಮೊದಲೇ ಜಿಂಕೆಯ ಕಿವಿಗೆ ಬೀಳುತ್ತೆ, ಅದು ನೆಗೆಯೋಕೆ ಮೈ ಕುಗ್ಗಿಸುತ್ತೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ತಾಗುತ್ತೆ. ಹಾಗಾಗಿ ನನ್ನ ಲೆಕ್ಕದಲ್ಲಿ ವೇಗದ ಬಿಲ್ಲಿಗಿಂತ ಸದ್ದಿಲ್ಲದ ಬಿಲ್ಲೇ ವಾಸಿ.

ಇದು ಬರೀ ಥಿಯರಿ ಅಲ್ಲ. ಬಾಣ ಕೊಲ್ಲೋದು ರಕ್ತ ಹರಿಸಿ. ಸರಿಯಾಗಿ ಎದೆಗೂಡಿಗೆ ಬಿದ್ದರೆ ಕೆಲವೇ ಕ್ಷಣದಲ್ಲಿ ಮುಗಿಯುತ್ತೆ, ಇಲ್ಲದಿದ್ರೆ ಗಾಯ ಹೊತ್ತು ಓಡುತ್ತೆ. ಕಳೆದ ನವೆಂಬರ್‌ನಲ್ಲಿ ಪರಿಚಯದವರೊಬ್ಬರ ಜೊತೆ ಟಾರ್ಚ್ ಹಿಡಿದು ರಾತ್ರಿ ಒಂದರವರೆಗೆ ತರಗೆಲೆ ಮೇಲಿನ ರಕ್ತದ ಹನಿ ಹುಡುಕಿದ್ವಿ. ಹಳ್ಳದ ಹತ್ತಿರ ಹನಿ ನಿಂತುಹೋಯ್ತು, ಜಿಂಕೆ ಸಿಗಲಿಲ್ಲ. ಅವರದ್ದು 70 ಪೌಂಡ್ ಬಿಲ್ಲು. ಮೂರು ಗಂಟೆ ಚಳಿಯಲ್ಲಿ ಕೂತ ಮೇಲೆ ಎಳೆಯುವಾಗ ತೋಳು ನಡುಗಿತು ಅಂತ ಅವರೇ ಹೇಳಿದರು. ದಾರಿಯುದ್ದಕ್ಕೂ ಮತ್ತೆ ಮಾತಿಲ್ಲ.

ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಕನಿಷ್ಠ 30 ಪೌಂಡ್ ಅಂತ ನಿಯಮ. ನಾನು 60ರವರೆಗೆ ಏರಿಸಬಹುದಾದ ಬಿಲ್ಲು ತಗೊಂಡು 52ಕ್ಕೆ ಇಡ್ತೀನಿ. ಪರೀಕ್ಷೆ ಸುಲಭ: ಕುರ್ಚಿಯಲ್ಲಿ ಕೂತು, ಬಿಲ್ಲನ್ನ ಆಕಾಶಕ್ಕೆ ಎತ್ತದೆ, ಗುರಿಯ ಕಡೆಗೇ ಹಿಡಿದು ನೇರ ಎಳೀಬೇಕು. ಆಗಲಿಲ್ಲ ಅಂದ್ರೆ ಭಾರ ಇಳಿಸಿ, ನಾಚಿಕೆ ಬೇಡ. ಮತ್ತೆ, ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಆ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್ ಹೊಡೆದು ಕ್ಯಾಮ್, ತೋಳು ಮುರೀಬಹುದು.

ದುಡ್ಡಿನ ವಿಷಯ. ಹೆಸರುವಾಸಿ ಕಂಪನಿಗಳ ಮೇಲ್ದರ್ಜೆಯ ಬಿಲ್ಲು ಬರೀ ಮೈಗೇ ಸಾವಿರ ಡಾಲರ್ ದಾಟುತ್ತೆ. ಸೈಟ್, ರೆಸ್ಟ್, ರಿಲೀಸ್, ಬಾಣ ಎಲ್ಲ ಬೇರೆ. ನಾನು ನೋಡಿರೋದು ಅದರರ್ಧ ಬೆಲೆಯ ಪ್ಯಾಕೇಜ್. ಬೆಲೆಯೊಳಗೆ ತಯಾರಕರು ಕಟ್ಟುವ 11% ಕೇಂದ್ರ ತೆರಿಗೆಯೂ ಸೇರಿದೆ, ಅದು ವನ್ಯಜೀವಿ ರಕ್ಷಣೆಗೆ ಹೋಗುತ್ತೆ. ಬಿಲ್ಲಿನ ಮೇಲೆ ಆ ತೆರಿಗೆಗೆ ಇಲ್ಲಿ ಕಾನೂನಾದದ್ದೂ 1972ರಲ್ಲೇ!

ಶನಿವಾರ ಅಂಗಡಿಗೆ ಹೋಗ್ತೀನಿ, ಚಳಿಗಾಲದ ದಪ್ಪ ಜಾಕೆಟ್ ತಗೊಂಡೇ. ಅದರ ತೋಳಿಗೆ ಹೆದೆ ತಾಗುತ್ತಾ ಅಂತ ಈಗಲೇ ನೋಡಬೇಕು. ಆಗಸ್ಟ್ ಸೆಕೆಯಲ್ಲಿ ಅದನ್ನ ಹಾಕ್ಕೊಂಡು ನಿಂತ್ರೆ ಅಂಗಡಿಯವರು ನಗ್ತಾರೆ, ನಗಲಿ.