ಹಾಕಿದ್ದಾಯ್ತು, ಆಮೇಲೆ ನೋಡೋರ್ಯಾರು?

‘ಡಿವೈಸ್ ಹಾಕಿದೀವಿ, ಇನ್ನು ರಕ್ತ ತೆಳು ಮಾಡೋ ಮಾತ್ರೆಯ ಗೋಳೇ ಇಲ್ಲ!’ ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಯಾಕಂದ್ರೆ ಅದು ಅರ್ಧ ಸತ್ಯ.

ಏಟ್ರಿಯಲ್ ಫಿಬ್ರಿಲೇಷನ್ ಇದ್ದು, ಕವಾಟ ಸರಿಯಿರುವವರ ಹೃದಯದಲ್ಲಿ ಹೆಪ್ಪುಗಟ್ಟಿದರೆ, ಅದರಲ್ಲಿ ಸುಮಾರು ಶೇ. 90 ಹುಟ್ಟೋದು ಎಡ ಹೃತ್ಕರ್ಣದ ಪುಟ್ಟ ಚೀಲದಲ್ಲಿ. ವಾಚ್‌ಮನ್‌ನಂಥ ಸಾಧನ ಆ ಚೀಲದ ಬಾಯಿ ಮುಚ್ಚುತ್ತೆ. ಒಪ್ಪಿದೆ. ಆದರೆ ನೂರರಲ್ಲಿ ಮೂರ್ನಾಲ್ಕು ಜನರಿಗೆ ಆ ಮುಚ್ಚಳದ ಮೇಲೇ ಹೆಪ್ಪು ಕೂರುತ್ತೆ. ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಮೂರು ಪಟ್ಟು. ನೋವಿಲ್ಲ, ಸುಳಿವಿಲ್ಲ; ಅನ್ನನಾಳಕ್ಕೆ ಕೊಳವೆ ಇಳಿಸಿ ಮಾಡೋ ಎಕೋ ಅಥವಾ ಸಿಟಿ ಸ್ಕ್ಯಾನ್‌ನಲ್ಲೇ ಕಾಣಬೇಕು. ಕಂಡರೆ ಚಿಕಿತ್ಸೆಯಿದೆ: ಕೆಲವು ವಾರ ಅದೇ ರಕ್ತ ತೆಳು ಮಾಡೋ ಔಷಧ, ಮತ್ತೆ ಎಕೋ. ಬಹುಪಾಲು ಹೆಪ್ಪು ಕರಗುತ್ತೆ.

ರಕ್ತಸ್ರಾವದ ಭಯಕ್ಕೆ ಮಾತ್ರೆ ಬಿಡಲೆಂದೇ ಸಾಧನ ಹಾಕಿಸಿಕೊಂಡವರಿಗೆ ಈ ಸಾಧ್ಯತೆಯನ್ನು ಸಹಿ ಹಾಕಿಸುವ ಮೊದಲೇ ಹೇಳಬೇಡವೇ? ಲಕ್ಷಗಟ್ಟಲೆ ಪ್ಯಾಕೇಜ್ ಮಾಡೋರು ಆರಂಭದ ಟ್ರಯಲ್‌ಗಳಲ್ಲೇ ಇದ್ದ 45ನೇ ದಿನದ ಎಕೋವನ್ನೂ ಅದರೊಳಗೇ ಸೇರಿಸಲಿ. ನೀವೂ ಅಷ್ಟೇ, ಅಪ್ಪನ ಡಿಸ್ಚಾರ್ಜ್ ದಿನ ಬಿಲ್ ಜೊತೆ ಇದನ್ನೂ ಕೇಳಿ: ಮುಂದಿನ ಎಕೋ ಯಾವತ್ತು?