ಗಲ್ಲುಶಿಕ್ಷೆ ಇರಬೇಕೆ?

ಕೊಂದವನನ್ನು ಕೊಲ್ಲುವ ಅಧಿಕಾರ ಪ್ರಭುತ್ವಕ್ಕೆ ಇರಬೇಕೆ, ಬೇಡವೆ ಎಂಬುದು ಶಾಲೆಯ ಚರ್ಚಾಕೂಟಗಳಲ್ಲಿ ಸವೆದುಹೋದ ವಿಷಯ. ಎರಡೂ ಪಕ್ಷದ ಮಾತುಗಳು ಎಲ್ಲರಿಗೂ ಕಂಠಪಾಠ. ಗಂಟೆ ಬಾರಿಸಿದೊಡನೆ ವಿಷಯವೂ ಮುಗಿಯುತ್ತದೆ. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಶಿಕ್ಷೆಯನ್ನು ಉಳಿಸಿಕೊಂಡಿದೆ. ಆದುದರಿಂದ ಬಹುಮಾನದ ಆಸೆಯನ್ನು ಬದಿಗಿಟ್ಟು ಇದನ್ನು ಇನ್ನೊಮ್ಮೆ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಶಿಕ್ಷೆ ಬೇಕೆನ್ನುವವರನ್ನು ಕ್ರೂರಿಗಳೆಂದು ಜರೆಯುವುದು ಅನ್ಯಾಯ. 2008ರ ನವೆಂಬರಿನಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದವರ ಮನೆಯವರು, 2012ರ ನವೆಂಬರ್ 21ರಂದು ಅಜ್ಮಲ್ ಕಸಬನನ್ನು ಪುಣೆಯ ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದಾಗ ನೆಮ್ಮದಿಯ ಉಸಿರು ಬಿಟ್ಟಿದ್ದರೆ, ಅದು ತಪ್ಪೆನ್ನಲು ನಮಗೆ ಬಾಯಿ ಬಾರದು. ತಕ್ಕ ದಂಡ ದೊರೆಯದಿದ್ದರೆ ಜನರೇ ಸೇಡಿಗೆ ಇಳಿಯುವರೆಂಬ ಮಾತಿನಲ್ಲಿಯೂ ಹುರುಳಿದೆ. ಆದರೆ ಗಲ್ಲಿನ ಭಯದಿಂದ ಕೊಲೆಗಳು ನಿಲ್ಲುವುವೆಂಬುದು ಅಷ್ಟು ಗಟ್ಟಿಯಾದ ವಾದವಲ್ಲ. ಸಿಟ್ಟಿನ ಭರದಲ್ಲಿ ಕತ್ತಿ ಎತ್ತಿದವನಿಗೆ ಕಾನೂನು ನೆನಪಾಗದು. ಹೊಂಚು ಹಾಕಿ ಕೊಲ್ಲುವವನು ತಾನು ಸಿಕ್ಕಿಬೀಳುವುದಿಲ್ಲವೆಂದೇ ನಂಬಿರುತ್ತಾನೆ. ಕಸಬನಾದರೋ ಸಾಯಲು ಸಿದ್ಧನಾಗಿಯೇ ಬಂದವನು. ಸೆರೆಯಲ್ಲಿಟ್ಟು ಅನ್ನ ಹಾಕುವ ಖರ್ಚಿನ ಲೆಕ್ಕ ತೆಗೆಯುವವರೂ ಉಂಟು. ಅದು ಉತ್ತರಕ್ಕೆ ಅರ್ಹವೆಂದು ನಾವು ಎಣಿಸುವುದಿಲ್ಲ.

ಬೇಡವೆನ್ನುವವರಲ್ಲಿ ಹಲವರು ಅಹಿಂಸೆಯನ್ನು ಮುಂದಿಡುತ್ತಾರೆ. 1949ರ ಜೂನ್ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಇದೇ ನೆಲೆಯಿಂದ ಮರಣದಂಡನೆಯನ್ನು ರದ್ದುಪಡಿಸುವುದೇ ಲೇಸೆಂದಿದ್ದರು. ಗಾಂಧೀಜಿಯವರ ಮಕ್ಕಳಾದ ಮಣಿಲಾಲ, ರಾಮದಾಸರು ತಂದೆಯನ್ನು ಕೊಂದವರ ಜೀವ ಉಳಿಸಬೇಕೆಂದು ಬೇಡಿಕೊಂಡರು. ಆದರೂ ಅದೇ ವರ್ಷದ ನವೆಂಬರ್ 15ರಂದು ಅಂಬಾಲಾದಲ್ಲಿ ಇಬ್ಬರು ಅಪರಾಧಿಗಳನ್ನು ಗಲ್ಲಿಗೇರಿಸಲಾಯಿತು. ಆ ಮಕ್ಕಳ ನಿಲುವು ಉದಾತ್ತವಾದುದು, ನಿಜ. ಆದರೆ ತಂದೆಯನ್ನು ಕಳೆದುಕೊಂಡ ಬೇರೆ ಮಕ್ಕಳಿಂದಲೂ ಅಂಥ ಕ್ಷಮೆಯನ್ನು ನಿರೀಕ್ಷಿಸಲು ನಮಗೇನು ಹಕ್ಕು? ಅಹಿಂಸೆಯ ಮಾತಿಗಿಂತ ನಮ್ಮ ಮನಸ್ಸನ್ನು ಹೆಚ್ಚು ಅಲುಗಿಸಿದುದು ಮಹಾರಾಷ್ಟ್ರದ್ದೇ ಆದ ಒಂದು ಮೊಕದ್ದಮೆ.

2003ರಲ್ಲಿ ನಾಸಿಕದ ಕಡೆ ತೋಟದ ಗುಡಿಸಲೊಂದರಲ್ಲಿ ಒಂದೇ ಮನೆಯ ಐವರ ಕೊಲೆಯಾಯಿತು. ಪೊಲೀಸರು ಅಲೆಮಾರಿ ಸಮುದಾಯದ ಆರು ಮಂದಿ ಬಡವರನ್ನು ಹಿಡಿದರು. 2006ರಲ್ಲಿ ಕೆಳಗಿನ ನ್ಯಾಯಾಲಯವು ಆರು ಮಂದಿಗೂ ಗಲ್ಲು ವಿಧಿಸಿತು. ಉಚ್ಚ ನ್ಯಾಯಾಲಯವು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೂ ತಳ್ಳಿಹಾಕಿ ಆರು ಮಂದಿಗೂ ಗಲ್ಲೇ ಸರಿಯೆಂದಿತು. ಇಂಥ ಶಿಕ್ಷೆ ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರವೆಂದು 1980ರಲ್ಲಿ ತೀರ್ಮಾನಿಸಿದ್ದುದೂ ಅದೇ ನ್ಯಾಯಾಲಯ ಎಂಬುದನ್ನು ನೆನೆಯಬೇಕು. ಹತ್ತು ವರ್ಷ ಕಳೆದು, 2019ರ ಮಾರ್ಚಿನಲ್ಲಿ, ಅದೇ ಸರ್ವೋಚ್ಚ ನ್ಯಾಯಾಲಯವು ಆರು ಮಂದಿಯನ್ನೂ ದೋಷಮುಕ್ತರೆಂದು ಸಾರಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರಕಾರಕ್ಕೆ ಆಜ್ಞಾಪಿಸಿತು. ಬದುಕುಳಿದ ಸಾಕ್ಷಿಯು ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದ ಸಂಗತಿಯೂ ಆಗ ಮುಂದೆ ಬಂತು.

ಸಂದೇಹಕ್ಕೆ ಎಡೆಯಿಲ್ಲದ ಪ್ರಕರಣಗಳಿಗಾದರೂ ಗಲ್ಲು ಇರಲಿ ಎನ್ನುವವರಿದ್ದಾರೆ. 2009ರಲ್ಲಿ ಆ ಮೊಕದ್ದಮೆಯೂ ಸಂದೇಹವಿಲ್ಲದ್ದೇ ಆಗಿತ್ತಲ್ಲವೆ? ಆ ಆರು ಮಂದಿಯನ್ನು ಆಗಲೇ ನೇಣಿಗೆ ಹಾಕಿದ್ದರೆ ಕಡತವೂ ಮುಚ್ಚಿಹೋಗುತ್ತಿತ್ತು. ಸತ್ತ ಐವರಿಗೆ ನ್ಯಾಯ ದೊರೆಯಿತೆಂದೇ ನಾವೆಲ್ಲರೂ ನಂಬಿ ಸುಮ್ಮನಾಗುತ್ತಿದ್ದೆವು.

ಘೋರ ಅಪರಾಧಿಯನ್ನು ಮತ್ತೆ ಬೀದಿಗೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಒಂದು ಕೊಲೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಗಲ್ಲಿಗೆ ಬದಲಾಗಿ, ಬಿಡುಗಡೆಯೇ ಇಲ್ಲದೆ ಸಾಯುವ ತನಕ ಸೆರೆವಾಸವನ್ನು ವಿಧಿಸಿತು. ಆ ದಾರಿ ತೆರೆದಿರುವಾಗ ನೇಣಿನ ಹಗ್ಗದ ಅಗತ್ಯವೇನೆಂಬುದನ್ನು, ಬೇಕೆನ್ನುವ ಮಿತ್ರರು ಬರುವ ವರ್ಷದ ಸಂಚಿಕೆಯಲ್ಲಿ ನಮಗೆ ತಿಳಿಸಲಿ.